ನೆಟ್‌ವರ್ಕ್ ಇಂಜಿನಿಯರ್ ಕೆಲಸಕ್ಕೆ ರೆಸ್ಯೂಮೆ: ಶಿರಸಿ, ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರ, ಭಟ್ಕಳ ಕಡೆಯಿಂದ ಬೆಂಗಳೂರು, ಹುಬ್ಬಳ್ಳಿ, ಗೋವಾದಲ್ಲಿ ನೆಟ್‌ವರ್ಕ್ ಕೆಲಸ ಹುಡುಕುವವರ ರೆಸ್ಯೂಮೆ ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಓದುತ್ತೇನೆ, ಆದಷ್ಟು ತಿದ್ದಿಯೂ ಕೊಡುತ್ತೇನೆ. ಹೆಚ್ಚಿನವರಿಗೆ ಕೆಲಸ ಗೊತ್ತಿರುತ್ತದೆ. ಆದರೆ ಗೊತ್ತಿರುವುದನ್ನೇ ಬಿಟ್ಟು, ಯಾರದೋ ಫೈಲಿನಿಂದ ನಕಲು ಮಾಡಿದ ಸಾಲುಗಳನ್ನು ತುಂಬಿರುತ್ತಾರೆ. ಅದನ್ನು ನೋಡಿದಾಗ ನಿಜವಾಗಿ ಬೇಜಾರಾಗುತ್ತದೆ. ಅದಕ್ಕೇ ಜಾಸ್ತಿ ಬರುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ರೆಸ್ಯೂಮೆ ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ; ಇಲ್ಲಿ ಕೊಟ್ಟ ಸಾಲುಗಳ ಅರ್ಥ ಹಿಡಿದು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ.

ಊರಲ್ಲಿ ಕೇಬಲ್ ಆಫೀಸಿನಲ್ಲಿ ಫೈಬರ್ ಕೆಲಸ ಮಾಡಿದ್ದೇನೆ. ಅದನ್ನೆಲ್ಲ ರೆಸ್ಯೂಮೆಯಲ್ಲಿ ಹಾಕಬಹುದಾ?

ಹಾಕಲೇಬೇಕು. ಮೊದಲ ಪುಟದಲ್ಲೇ ಹಾಕಿ.

ಈ ಪ್ರಶ್ನೆ ಕೇಳುವವರು ಆ ಕೆಲಸವನ್ನು ಮುಚ್ಚಿಟ್ಟಿರುತ್ತಾರೆ, ಇಲ್ಲವೇ "ಕೇಬಲ್ ಆಪರೇಟರ್ ಹತ್ತಿರ ಕೆಲಸ" ಅಂತ ಒಂದೇ ಸಾಲು ಬರೆದು ಮುಗಿಸಿರುತ್ತಾರೆ. ಓದುವವರಿಗೆ ಇವರು ಟಿವಿ ಬಾಕ್ಸ್ ಜೋಡಿಸುತ್ತಿದ್ದರು ಅಂತಲೇ ಅನಿಸುತ್ತದೆ. ನೀವು ದಿನಾ ಮಾಡಿದ್ದು ಏನು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಜುಲೈ ತಿಂಗಳ ಮಳೆ, ದೇವಿಮನೆ ಘಟ್ಟದ ಕಡೆ ಮರ ಬಿದ್ದಿದೆ, ಆಫೀಸಿಗೆ ಫೋನಿನ ಮೇಲೆ ಫೋನು. ಗಿರಾಕಿ ಮನೆಯ ಓಎನ್‌ಟಿಯಲ್ಲಿ (ಮನೆಗೆ ಬಂದ ಫೈಬರ್ ಸೇರುವ ಬಾಕ್ಸ್) ಕೆಂಪು ಲೈಟ್ ಮಿನುಗುತ್ತಿದೆ. ನೀವು ಮೊದಲು ನೋಡಿದ್ದು ಒಂದೇ ಮನೆ ಹೋಗಿದೆಯೋ, ಒಂದು ಫೈಬರನ್ನು ಹಲವು ಮನೆಗೆ ಹಂಚುವ ಆ ಸ್ಪ್ಲಿಟರ್‌ನ ಎಲ್ಲ ಮನೆಗಳೂ ಹೋಗಿವೆಯೋ ಅಂತ. ಒಂದೇ ಮನೆಯಾದರೆ ಡ್ರಾಪ್ ಕೇಬಲ್ ಅಥವಾ ಕನೆಕ್ಟರ್. ಎಲ್ಲವೂ ಹೋಗಿದ್ದರೆ ತೊಂದರೆ ಸ್ಪ್ಲಿಟರ್‌ನಲ್ಲಿ ಅಥವಾ ಅದರ ಹಿಂದೆ. ಫೈಬರಿನ ಬೆಳಕಿನ ಮಟ್ಟ ಅಳೆಯುವ ಪವರ್ ಮೀಟರ್ ಹಿಡಿದಿರಿ. ಮೈನಸ್ 27 ಡಿಬಿಎಂಗಿಂತ ಕೆಳಗೆ ಇಳಿದರೆ ಸಾಮಾನ್ಯ ಜಿಪಾನ್ (ಮನೆಮನೆಗೆ ಫೈಬರ್ ಇಂಟರ್ನೆಟ್ ಕೊಡುವ ತಂತ್ರಜ್ಞಾನ) ಓಎನ್‌ಟಿಗೆ ಸಿಗ್ನಲ್ ಹಿಡಿಯುವುದು ಕಷ್ಟ ಅಂತ ನಿಮಗೆ ಗೊತ್ತು. ಓಟಿಡಿಆರ್ ಹಾಕಿ ಎಷ್ಟು ದೂರದಲ್ಲಿ ತುಂಡಾಗಿದೆ ನೋಡಿದಿರಿ, ಸ್ಪ್ಲೈಸ್ ಮಾಡಿ ತುಂಡು ಜೋಡಿಸಿದಿರಿ, ಮತ್ತೆ ಲೆವೆಲ್ ನೋಡಿದಿರಿ, ಆಫೀಸಿನ ಕಡೆ ಇರುವ ಓಎಲ್‌ಟಿ ಯಂತ್ರದಲ್ಲಿ ಓಎನ್‌ಟಿ ಆನ್‌ಲೈನ್ ಬಂತಾ ಅಂತ ಖಚಿತ ಮಾಡಿಕೊಂಡೇ ಮನೆಗೆ ಹೋದಿರಿ.

ತೊಂದರೆ ಎಲ್ಲಿದೆ ಅಂತ ಹಂತ ಹಂತವಾಗಿ ಹುಡುಕುವುದೇ ನೆಟ್‌ವರ್ಕ್ ಇಂಜಿನಿಯರ್ ಕೆಲಸ. ಹಾಗಾಗಿ ಹೀಗೆ ಬರೆಯಿರಿ: "ಸುಮಾರು 400 ಮನೆಗಳ ಜಿಪಾನ್ ನೆಟ್‌ವರ್ಕ್ ನಿರ್ವಹಣೆ, ಓಎಲ್‌ಟಿಯಲ್ಲಿ ಹೊಸ ಓಎನ್‌ಟಿ ಸೇರಿಸುವುದು, ವಿಲ್ಯಾನ್ ಮತ್ತು ಪಿಪಿಪಿಒಇ ಸೆಟ್ಟಿಂಗ್, ಪವರ್ ಮೀಟರ್, ಓಟಿಡಿಆರ್ ಬಳಸಿ ಫೈಬರ್ ತೊಂದರೆ ಹುಡುಕಿ ಸ್ಪ್ಲೈಸಿಂಗ್." ವಿಲ್ಯಾನ್ ಅಂದರೆ ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವುದು, ಪಿಪಿಪಿಒಇ ಅಂದರೆ ಗಿರಾಕಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಇಂಟರ್ನೆಟ್‌ಗೆ ಸೇರುವ ವಿಧಾನ. 400 ನಾನು ಉದಾಹರಣೆಗೆ ಹಾಕಿದ್ದು. ನಿಮ್ಮ ಲೆಕ್ಕ ಎಷ್ಟೋ ಅಷ್ಟೇ ಹಾಕಿ, 60 ಮನೆ ಇದ್ದರೆ 60. ಓಎಲ್‌ಟಿ ಯಾವ ಕಂಪನಿಯದ್ದು, ಅಪ್‌ಲಿಂಕ್ ಎಷ್ಟು ಜಿಬಿಪಿಎಸ್, ರೂಟರ್ ಮೈಕ್ರೊಟಿಕ್ಕಾ ಬೇರೆಯದ್ದಾ, ಎಲ್ಲ ಬರೆಯಿರಿ.

ಸೊಸೈಟಿ, ಆಸ್ಪತ್ರೆ, ಕಾಲೇಜಿನಲ್ಲಿ "ಕಂಪ್ಯೂಟರ್ ನೋಡಿಕೊಳ್ಳುವವನು" ಆಗಿದ್ದೆ. ಅದೂ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ಆದರೆ ಪ್ರಿಂಟರ್ ರಿಪೇರಿ, ವಿಂಡೋಸ್ ಹಾಕಿದ್ದು ಇವೆಲ್ಲ ಒಂದು ಸಾಲಿನಲ್ಲಿ ಮುಗಿಯಲಿ. ನೆಟ್‌ವರ್ಕ್ ಭಾಗವನ್ನು ಬೇರೆ ಮಾಡಿ ದೊಡ್ಡದಾಗಿ ಬರೆಯಿರಿ. ಸಿಸಿಟಿವಿಯನ್ನು ಬೇರೆ ವಿಲ್ಯಾನ್‌ಗೆ ಹಾಕಿದ್ದು, ಎರಡು ಇಂಟರ್ನೆಟ್ ಲೈನ್ ಜೋಡಿಸಿ ಒಂದು ಹೋದರೆ ಇನ್ನೊಂದು ಬರುವ ಹಾಗೆ ಮಾಡಿದ್ದು, ಫೈರ್‌ವಾಲ್‌ನಲ್ಲಿ ರೂಲ್ ಬರೆದದ್ದು, ಶಾಖೆಗಳ ಮಧ್ಯೆ ವಿಪಿಎನ್, ವೈಫೈ ಆಕ್ಸೆಸ್ ಪಾಯಿಂಟ್‌ಗಳ ಚಾನೆಲ್ ಬದಲಿಸಿದ್ದು. ಸಿಡಿಲಿಗೆ ಸ್ವಿಚ್ ಸುಟ್ಟು ಹೋದಾಗ ಬ್ಯಾಕಪ್ ಇಟ್ಟಿದ್ದ ಕಾನ್ಫಿಗ್ ಹಾಕಿ ಅದೇ ದಿನ ಕೌಂಟರ್ ನಡೆಸಿದ್ದರೆ ಅದನ್ನು ಬರೆಯದೇ ಬಿಡಬೇಡಿ. ಘಟ್ಟದ ಮೇಲೂ ಕೆಳಗೂ ಇಂಥದ್ದು ಮಾಡಿದವರು ಎಷ್ಟೋ ಜನ ಇದ್ದಾರೆ, ರೆಸ್ಯೂಮೆಯಲ್ಲಿ ಮಾತ್ರ ಕಾಣುವುದಿಲ್ಲ.

ಎಷ್ಟು ಪುಟ ಇರಬೇಕು?

ಫ್ರೆಶರ್ ಆದರೆ ಒಂದು. ಅನುಭವ ಇದ್ದರೆ ಎರಡು.

ಮೇಲ್ಗಡೆ "ಆಬ್ಜೆಕ್ಟಿವ್" ಬರೆಯಬೇಕಾ?

ಬೇಡ. "ಒಳ್ಳೆಯ ಸಂಸ್ಥೆಯಲ್ಲಿ ದುಡಿದು ನನ್ನ ಕೌಶಲ್ಯ ಬೆಳೆಸಿಕೊಳ್ಳುವ ಆಸೆ" ಅನ್ನುವ ಅರ್ಥದ ಸಾಲು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ, ಯಾರೂ ಓದುವುದಿಲ್ಲ. ಅಲ್ಲಿ ಮೂರು ಸಾಲು ಬರೆಯಿರಿ: ನೀವು ಈಗ ಏನು, ಏನೇನು ಮಾಡಿದ್ದೀರಿ, ಯಾವ ಕೆಲಸ ಬೇಕು. ಯಾವ ಕೆಲಸ ಅಂತ ಸ್ಪಷ್ಟವಾಗಿ ಹೇಳುವುದು ಮುಖ್ಯ, ಯಾಕೆಂದರೆ ನೆಟ್‌ವರ್ಕ್ ಇಂಜಿನಿಯರ್ ಅನ್ನುವ ಹೆಸರಿನಡಿ ಬೇರೆ ಬೇರೆ ಕೆಲಸಗಳಿವೆ. ಎನ್‌ಒಸಿಯಲ್ಲಿ (ನೆಟ್‌ವರ್ಕ್ ಮೇಲೆ ಹಗಲು ರಾತ್ರಿ ಕಣ್ಣಿಡುವ ಕೇಂದ್ರ) ಎಲ್1 (ಮೊದಲ ಹಂತ) ಅಂದರೆ ಅಲಾರಂ ನೋಡುವುದು, ಟಿಕೆಟ್ ತೆಗೆಯುವುದು, ಲಿಂಕ್ ಹೋದರೆ ಐಎಸ್‌ಪಿಗೆ ಫೋನ್ ಮಾಡುವುದು, ರಾತ್ರಿ ಪಾಳಿ. ಫೀಲ್ಡ್ ಇಂಜಿನಿಯರ್ ಅಂದರೆ ಜಾಗಕ್ಕೆ ಹೋಗಿ ಬಾಕ್ಸ್ ಕೂರಿಸುವುದು. ಪಾಳಿ ಕೆಲಸಕ್ಕೆ ಒಪ್ಪಿಗೆ ಇದ್ದರೆ ಅದನ್ನು ಇಲ್ಲೇ ಬರೆಯಿರಿ. ಎನ್‌ಒಸಿಗೆ ಜನ ತೆಗೆದುಕೊಳ್ಳುವವರು ಮೊದಲು ಕೇಳುವುದೇ ಅದನ್ನ.

ಸಿಸಿಎನ್‌ಎ ಇಲ್ಲದಿದ್ದರೆ ರೆಸ್ಯೂಮೆ ನೋಡುವುದೇ ಇಲ್ವಾ?

ನೋಡುತ್ತಾರೆ. ಆದರೆ ಫ್ರೆಶರ್‌ಗಳ ರಾಶಿಯಲ್ಲಿ ಸಿಸಿಎನ್‌ಎ (ಸಿಸ್ಕೊ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್) ಇದ್ದವರು ಮೇಲೆ ಬರುತ್ತಾರೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ನೆಟ್‌ವರ್ಕ್ ಕೆಲಸದ ಸಿಸಿಎನ್‌ಎಗೆ ಈಗ ಇರುವುದು 200-301 ಅನ್ನುವ ಪರೀಕ್ಷೆ, 2020ರ ಫೆಬ್ರವರಿಯಿಂದ. ಅದಕ್ಕಿಂತ ಮೊದಲಿದ್ದ "ಸಿಸಿಎನ್‌ಎ ರೂಟಿಂಗ್ ಆ್ಯಂಡ್ ಸ್ವಿಚಿಂಗ್" ಆಗಲೇ ನಿಂತುಹೋಯಿತು. ಇವತ್ತು ಹೊಸದಾಗಿ ಓದಿದವರು ಆ ಹಳೇ ಹೆಸರು ಬರೆದರೆ ಎಲ್ಲಿಂದಲೋ ನಕಲು ಮಾಡಿದ್ದು ಅಂತ ಕೂಡಲೇ ಗೊತ್ತಾಗುತ್ತದೆ.

ಸರ್ಟಿಫಿಕೇಟ್ ಮೂರು ವರ್ಷ ನಡೆಯುತ್ತದೆ. ಅವಧಿ ಮುಗಿದಿದ್ದರೆ ತೆಗೆದು ಹಾಕಬೇಕಿಲ್ಲ, ಪಾಸಾದ ವರ್ಷ ಮತ್ತು ಮುಗಿದ ವರ್ಷ ಎರಡನ್ನೂ ಬರೆಯಿರಿ. ಕೋಚಿಂಗ್ ಮಾತ್ರ ಆಗಿದೆ, ಪರೀಕ್ಷೆ ಬರೆದಿಲ್ಲ ಅಂದರೆ "ಸಿಸಿಎನ್‌ಎ ತರಬೇತಿ" ಅಂತ ಹಾಕಿ. ಬರೀ "ಸಿಸಿಎನ್‌ಎ" ಅಂತ ಹಾಕಿದರೆ ಅವರು ಪಾಸಾದದ್ದನ್ನು ಆನ್‌ಲೈನ್‌ನಲ್ಲಿ ತೋರಿಸುವ ಕ್ರೆಡ್ಲಿ ಬ್ಯಾಡ್ಜ್ ಲಿಂಕ್ ಕೇಳುತ್ತಾರೆ, ಆಗ ಏನು ಕೊಡುತ್ತೀರಿ? ಪರೀಕ್ಷೆಯ ದಿನ ಬುಕ್ ಆಗಿದ್ದರೆ ಆ ತಿಂಗಳು ಬರೆಯುವುದು ಒಳ್ಳೆಯದು. ಇನ್ನು ಜುನಿಪರ್‌ನ ಜೆಎನ್‌ಸಿಐಎ, ಕಾಂಪ್‌ಟಿಯಾದ ನೆಟ್‌ವರ್ಕ್ ಪ್ಲಸ್, ಫೋರ್ಟಿನೆಟ್‌ನವು ಇದ್ದರೆ ಅವಕ್ಕೂ ಬೆಲೆ ಇದೆ.

ಸ್ಕಿಲ್ಸ್ ಪಟ್ಟಿಯಲ್ಲಿ ಎಷ್ಟು ಹೆಸರು ಹಾಕಲಿ? ಗೆಳೆಯರದ್ದರಲ್ಲಿ ಒಎಸ್‌ಪಿಎಫ್, ಬಿಜಿಪಿ, ಎಂಪಿಎಲ್‌ಎಸ್, ಎಸ್‌ಡಿ-ವ್ಯಾನ್ ಎಲ್ಲ ಇದೆ.

ಮಾರಾಯ್ರೇ, ಇದೊಂದನ್ನು ಸ್ವಲ್ಪ ನಿಧಾನಕ್ಕೆ ಓದಿ. ಇಂಟರ್ವ್ಯೂ ಮಾಡುವವರ ಕೈಯಲ್ಲಿ ಬೇರೆ ಪ್ರಶ್ನೆಪತ್ರಿಕೆ ಇರುವುದಿಲ್ಲ. ನಿಮ್ಮ ರೆಸ್ಯೂಮೆಯೇ ಅವರ ಪ್ರಶ್ನೆಪತ್ರಿಕೆ. ನೀವು ಬರೆದ ಒಂದೊಂದು ಹೆಸರಿನ ಮೇಲೂ ಕನಿಷ್ಠ ಮೂರು ಪ್ರಶ್ನೆ ಬರಬಹುದು ಅಂದುಕೊಂಡು ಬರೆಯಿರಿ.

ಒಎಸ್‌ಪಿಎಫ್ (ಒಂದೇ ಸಂಸ್ಥೆಯ ರೂಟರ್‌ಗಳು ತಮ್ಮೊಳಗೆ ದಾರಿ ಕಂಡುಕೊಳ್ಳುವ ವಿಧಾನ) ಅಂತ ಬರೆದಿರಿ ಅನ್ನಿ. ಮೊದಲ ಪ್ರಶ್ನೆ ಸುಲಭ, ಏರಿಯಾ ಅಂದರೇನು, ಡಿಆರ್ ಯಾಕೆ ಬೇಕು. ಆಮೇಲೆ ಬರುವುದು ಇಂಥದ್ದು: "ಎರಡು ರೂಟರ್ ನಡುವೆ ಪಿಂಗ್ ಹೋಗುತ್ತಿದೆ, ಆದರೆ ನೇಬರ್ ಎಕ್ಸ್‌ಸ್ಟಾರ್ಟ್‌ನಲ್ಲೇ ನಿಂತಿದೆ. ಎಲ್ಲಿ ನೋಡುತ್ತೀರಿ?" ಎರಡೂ ಕಡೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಒಂದೇ ಇದೆಯಾ ಅಂತ ನೋಡುತ್ತೇನೆ ಅನ್ನುವವರು ಲ್ಯಾಬ್ ಮಾಡಿದವರು. ಪುಸ್ತಕ ಮಾತ್ರ ಓದಿದವರು ಹಲೋ ಟೈಮರ್ ಅನ್ನುತ್ತಾರೆ. ಹಲೋ ಟೈಮರ್ ಹೊಂದದಿದ್ದರೆ ನೇಬರ್ ಅಲ್ಲಿಯವರೆಗೂ ಬರುವುದೇ ಇಲ್ಲ. ಒಂದು ಉತ್ತರದಲ್ಲಿ ಇಷ್ಟು ಗೊತ್ತಾಗಿಬಿಡುತ್ತದೆ.

ಬಿಜಿಪಿ (ಬೇರೆ ಬೇರೆ ಸಂಸ್ಥೆಗಳ ನೆಟ್‌ವರ್ಕ್‌ಗಳ ನಡುವೆ ದಾರಿ ತಿಳಿಸುವ ವಿಧಾನ) ಬರೆದಿದ್ದರೆ ಎರಡು ಐಎಸ್‌ಪಿ ಕಥೆ ಬಂದೇ ಬರುತ್ತದೆ. ಹೊರಗೆ ಹೋಗುವ ಟ್ರಾಫಿಕ್ ಒಂದು ಲೈನಿನಲ್ಲೇ ಹೋಗಬೇಕಾದರೆ ಲೋಕಲ್ ಪ್ರಿಫರೆನ್ಸ್, ಒಳಗೆ ಬರುವುದನ್ನು ತಿರುಗಿಸಬೇಕಾದರೆ ಎಎಸ್ ಪಾತ್ ಪ್ರಿಪೆಂಡ್, ಇಷ್ಟನ್ನು ಯಾಕೆ ಅಂತ ವಿವರಿಸಿ ಹೇಳಲು ಬಂದರೆ ಬರೆಯಿರಿ. ಬರದಿದ್ದರೆ ಬಿಡಿ. ಎಂಟು ಹೆಸರು ಕಡಿಮೆ ಇದ್ದರೂ ಉಳಿದದ್ದು ಗಟ್ಟಿ ಇದ್ದರೆ ಸಾಕು.

ಒಂದು ದಾರಿ ಹೇಳುತ್ತೇನೆ. ಪಟ್ಟಿಯನ್ನು ಎರಡು ಭಾಗ ಮಾಡಿ: "ಕೆಲಸದಲ್ಲಿ ಬಳಸಿದ್ದು" ಮತ್ತು "ಲ್ಯಾಬ್‌ನಲ್ಲಿ ಮಾಡಿದ್ದು". ಓದುವವರಿಗೆ ನೀವು ಎಲ್ಲಿ ನಿಂತಿದ್ದೀರಿ ಅಂತ ಗೊತ್ತಾಗುತ್ತದೆ, ಪ್ರಶ್ನೆಯೂ ಆ ಮಟ್ಟಕ್ಕೇ ಬರುತ್ತದೆ. ಸ್ಟಾರ್, ಬಣ್ಣದ ಪಟ್ಟಿ ಹಾಕಿ "ರೂಟಿಂಗ್ 80 ಪರ್ಸೆಂಟ್" ಅಂತ ತೋರಿಸುವುದು ಖಂಡಿತ ಬೇಡ.

ನಾನು ಫ್ರೆಶರ್. ಕೆಲಸದ ಅನುಭವವೇ ಇಲ್ಲ. ಪ್ರಾಜೆಕ್ಟ್ ಅಂತ ಏನು ಹಾಕಲಿ?

ಕಾಲೇಜಿನಲ್ಲಿ ನಾಲ್ಕು ಜನ ಸೇರಿ ಮಾಡಿದ ವೆಬ್‌ಸೈಟ್ ಪ್ರಾಜೆಕ್ಟ್ ನೆಟ್‌ವರ್ಕ್ ಕೆಲಸಕ್ಕೆ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಬದಲಿಗೆ ನೀವೇ ಒಂದು ಲ್ಯಾಬ್ ಮಾಡಿ. ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್) ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಅಕೌಂಟ್ ಮಾಡಿದರೆ ಪುಕ್ಕಟೆ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ರ‍್ಯಾಮ್ ಜಾಸ್ತಿ ಇದ್ದರೆ ಜಿಎನ್‌ಎಸ್3 ಅಥವಾ ಈವ್-ಎನ್‌ಜಿ.

ಲ್ಯಾಬ್‌ಗೆ ನಮ್ಮ ಕಡೆಯದ್ದೇ ಚಿತ್ರ ತೆಗೆದುಕೊಳ್ಳಿ. ಶಿರಸಿಯಲ್ಲಿ ಮುಖ್ಯ ಕಚೇರಿ ಇರುವ ಒಂದು ಅಡಿಕೆ ಸೊಸೈಟಿ, ಸಿದ್ದಾಪುರ, ಯಲ್ಲಾಪುರ, ಕುಮಟಾದಲ್ಲಿ ಶಾಖೆ. ಕೌಂಟರ್, ಲೆಕ್ಕಪತ್ರ, ಸಿಸಿಟಿವಿ ಮೂರಕ್ಕೂ ಬೇರೆ ವಿಲ್ಯಾನ್. ಸಿಸಿಟಿವಿಯಿಂದ ಲೆಕ್ಕಪತ್ರಕ್ಕೆ ಹೋಗದ ಹಾಗೆ ಎಸಿಎಲ್. ಒಂದೊಂದು ವಿಲ್ಯಾನ್‌ಗೆ 60 ಕಂಪ್ಯೂಟರ್ ಮಿತಿ ಅಂದರೆ /26 ಸಾಕು, 62 ಐಪಿ ವಿಳಾಸ ಸಿಗುತ್ತವೆ. ಪ್ರತಿ ಶಾಖೆಗೆ ಎರಡು ಲಿಂಕ್, ಒಎಸ್‌ಪಿಎಫ್.

ಇಲ್ಲಿವರೆಗೆ ಎಲ್ಲರೂ ಮಾಡುತ್ತಾರೆ. ಮುಂದಿನದು ಮುಖ್ಯ. ಮುಖ್ಯ ಲಿಂಕನ್ನು ನೀವೇ ಕೆಡಿಸಿ. ಎರಡು ರೂಟರ್ ಮಧ್ಯೆ ಎರಡು ಸ್ವಿಚ್ ಇಟ್ಟು ಆ ಸ್ವಿಚ್‌ಗಳ ನಡುವಿನ ಕೇಬಲ್ ತೆಗೆದರೆ ಎರಡೂ ರೂಟರ್‌ಗೆ ಲಿಂಕ್ ಹೋಗಿದ್ದೇ ತಿಳಿಯುವುದಿಲ್ಲ, ಇಥರ್ನೆಟ್ ಮೇಲೆ ಒಎಸ್‌ಪಿಎಫ್‌ನ ಡೆಡ್ ಟೈಮರ್ (ಆಚೆ ರೂಟರ್ ಹೋಗಿದೆ ಅಂತ ತೀರ್ಮಾನಿಸುವ ಮೊದಲು ಕಾಯುವ ಸಮಯ) 40 ಸೆಕೆಂಡ್, ಅಷ್ಟು ಹೊತ್ತು ಪಿಂಗ್ ಸಾಯುತ್ತಲೇ ಇರುತ್ತದೆ. ಟೈಮರ್ ಕಡಿಮೆ ಮಾಡಿ ಮತ್ತೆ ನೋಡಿ. ಮೊದಲು ಎಷ್ಟು ಸೆಕೆಂಡ್, ಆಮೇಲೆ ಎಷ್ಟು, ಬರೆದಿಟ್ಟುಕೊಳ್ಳಿ. ರೆಸ್ಯೂಮೆಯಲ್ಲಿ ಆ ಸಾಲು ಹಾಕಿ: "ಮುಖ್ಯ ಲಿಂಕ್ ಕಡಿತವಾದಾಗ ಬದಲಿ ದಾರಿಗೆ ಹೋಗುವ ಸಮಯ ಅಳೆದು, ಟೈಮರ್ ಬದಲಿಸಿ ಕಡಿಮೆ ಮಾಡಿದೆ." ಕೆಡಿಸಿ ನೋಡಿದ ಫ್ರೆಶರ್‌ಗಳು ಕಡಿಮೆ, ಹಾಗಾಗಿ ಈ ಒಂದು ಸಾಲು ಎದ್ದು ಕಾಣುತ್ತದೆ. ನಕ್ಷೆ ಮತ್ತು ಕಾನ್ಫಿಗ್ ಗಿಟ್‌ಹಬ್‌ನಲ್ಲಿ ಹಾಕಿ ಲಿಂಕ್ ಕೊಡಿ.

ಇನ್‌ಸ್ಟಿಟ್ಯೂಟ್‌ನವರು "ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿ ಕೊಡುತ್ತೇವೆ, ಎಲ್ಲರೂ ಹಾಗೇ ಮಾಡುವುದು" ಅನ್ನುತ್ತಾರೆ. ಹಾಕಿಸಲಾ?

ಬೇಡ. ದಯವಿಟ್ಟು ಬೇಡ.

ಮನೆಯಲ್ಲಿ ಸಾಲ ಮಾಡಿ ಫೀಸ್ ಕಟ್ಟಿರುತ್ತಾರೆ, ಕೆಲಸ ಬೇಗ ಬೇಕು ಅನ್ನುವ ಒತ್ತಡ ಎಷ್ಟಿರುತ್ತದೆ ಅಂತ ಗೊತ್ತು. ಆದರೂ ಬೇಡ. ಈಗ ಬ್ಯಾಕ್‌ಗ್ರೌಂಡ್ ಪರಿಶೀಲನೆಯಲ್ಲಿ ಯುಎಎನ್ (ನಿಮ್ಮ ಪಿಎಫ್ ನಂಬರ್) ಕೇಳುತ್ತಾರೆ, ಅದರಲ್ಲಿ ಯಾವ ಕಂಪನಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಪಿಎಫ್ ಕಟ್ಟಿದೆ ಅಂತ ಇರುತ್ತದೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಕೇಳುತ್ತಾರೆ. ಕೆಲಸಕ್ಕೆ ಸೇರಿದ ಮೇಲೂ ಸಿಕ್ಕಿಬೀಳಬಹುದು, ಆಗ ಕೆಲಸ ಹೋಗುತ್ತದೆ, ಆ ಕಂಪನಿಯ ಬಾಗಿಲೂ ಮುಚ್ಚಿತು. ಇನ್ನೊಂದು ತೊಂದರೆ ಅದಕ್ಕಿಂತ ಮೊದಲೇ ಬರುತ್ತದೆ: ಎರಡು ವರ್ಷ ಅಂತ ಬರೆದವರಿಗೆ ಎರಡು ವರ್ಷದವರ ಪ್ರಶ್ನೆ ಕೇಳುತ್ತಾರೆ. ಫ್ರೆಶರ್ ಆಗಿ ಚೆನ್ನಾಗಿ ಉತ್ತರ ಹೇಳಿ ಪಾಸಾಗಬಹುದಾಗಿದ್ದ ಹುಡುಗ, ಹುಡುಗಿ ಅಲ್ಲಿ ಸುಮ್ನೆ ಕೂರಬೇಕಾಗುತ್ತದೆ. ಈಗಾಗಲೇ ಯಾರೋ ಹಾಗೆ ಮಾಡಿಕೊಟ್ಟಿದ್ದರೆ ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಇವತ್ತೇ ಬದಲಿಸಿ.

ನೌಕಾನೆಲೆ, ಕೈಗಾ ಅಂಥ ಕಡೆ ಗುತ್ತಿಗೆದಾರರ ಮೂಲಕ ಕೆಲಸ ಮಾಡಿದ್ದೇನೆ. ಅದನ್ನು ಹೇಗೆ ಬರೆಯುವುದು?

ನಿಮಗೆ ಸಂಬಳ ಕೊಟ್ಟ ಕಂಪನಿಯ ಹೆಸರು, ನಿಮ್ಮ ಹುದ್ದೆ, ಅವಧಿ ಬರೆಯಿರಿ. ಜಾಗದ ಹೆಸರು ಹಾಕಬಹುದಾ ಅಂತ ಆ ಕಂಪನಿಯನ್ನೇ ಕೇಳಿ. ಬೇಡ ಅಂದರೆ "ಸರ್ಕಾರಿ ಸಂಸ್ಥೆಯೊಂದರ ಕ್ಯಾಂಪಸ್ ನೆಟ್‌ವರ್ಕ್" ಅಷ್ಟೇ ಸಾಕು. ಯಾವ ಕಟ್ಟಡದಿಂದ ಯಾವ ಕಟ್ಟಡಕ್ಕೆ ಫೈಬರ್ ಹೋಗಿದೆ, ಎಷ್ಟು ಕ್ಯಾಮೆರಾ ಇವೆ, ಫೈರ್‌ವಾಲ್ ಯಾವುದು, ಇವು ಯಾವುದೂ ರೆಸ್ಯೂಮೆಗೆ ಬರಬಾರದು. ಇಂಟರ್ವ್ಯೂನಲ್ಲಿ ಕೇಳಿದರೂ "ಅದನ್ನು ಹೇಳುವ ಹಾಗಿಲ್ಲ" ಅಂತ ನೇರವಾಗಿ ಹೇಳಿ. ಒಳ್ಳೆಯ ಕಂಪನಿ ಅದನ್ನು ಮೆಚ್ಚುತ್ತದೆ.

ಖಾಸಗಿ ಗಿರಾಕಿಗಳ ವಿಷಯದಲ್ಲೂ ಇಷ್ಟೇ. ಪಬ್ಲಿಕ್ ಐಪಿ, ಎಸ್‌ಎನ್‌ಎಂಪಿ ಸ್ಟ್ರಿಂಗ್ (ಸ್ವಿಚ್, ರೂಟರ್ ಮೇಲೆ ಕಣ್ಣಿಡಲು ಬಳಸುವ ಪಾಸ್‌ವರ್ಡ್‌ನಂಥದ್ದು), ನಿಜವಾದ ಕಾನ್ಫಿಗ್ ಗಿಟ್‌ಹಬ್‌ಗೆ ಹಾಕಬೇಡಿ. ಸಿಸ್ಕೊದ ಟೈಪ್ 7 ಪಾಸ್‌ವರ್ಡ್ ನೋಡಲು ಗುಪ್ತವಾಗಿ ಕಂಡರೂ ಕ್ಷಣದಲ್ಲಿ ಬಿಡಿಸಬಹುದು.

ಪೈಥಾನ್ ಬರಲೇಬೇಕಾ?

ಎಲ್1ಗೆ ಬರಲೇಬೇಕು ಅಂತ ಇಲ್ಲ. ಬಂದರೆ ಒಳ್ಳೆಯದು, ಈಗಿನ ಸಿಸಿಎನ್‌ಎಯಲ್ಲೇ ಆಟೋಮೇಷನ್ ಭಾಗ ಇದೆ. ನೆಟ್‌ಮಿಕೊ (ಸ್ವಿಚ್, ರೂಟರ್‌ಗಳಿಗೆ ಲಾಗಿನ್ ಆಗಲು ಇರುವ ಪೈಥಾನ್ ಲೈಬ್ರರಿ) ಬಳಸಿ ಹತ್ತು ಸ್ವಿಚ್‌ಗಳ ಕಾನ್ಫಿಗ್ ಬ್ಯಾಕಪ್ ತೆಗೆಯುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಅದರ ಪ್ರತಿ ಸಾಲು ಏನು ಮಾಡುತ್ತದೆ ಅಂತ ಹೇಳಲು ಬಂದರೆ ರೆಸ್ಯೂಮೆಗೆ ಹಾಕಿ.

ಚಾಟ್‌ಜಿಪಿಟಿ ಹತ್ತಿರ ರೆಸ್ಯೂಮೆ ಬರೆಸಬಹುದಾ?

ಇಂಗ್ಲಿಷ್ ತಿದ್ದಿಸಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಕನ್ನಡ ಮೀಡಿಯಂನವರಿಗೆ ಇದು ನಿಜಕ್ಕೂ ಸಹಾಯ. ಮೊದಲು ನೀವು ಮಾಡಿದ್ದನ್ನು ಕನ್ನಡದಲ್ಲೇ, ಮಾತಾಡಿದ ಹಾಗೆ ಬರೆಯಿರಿ, ಆಮೇಲೆ ಸರಳ ಇಂಗ್ಲಿಷಿಗೆ ತರಿಸಿ. ಖಾಲಿ ಕೈಯಲ್ಲಿ "ನೆಟ್‌ವರ್ಕ್ ಇಂಜಿನಿಯರ್ ರೆಸ್ಯೂಮೆ ಕೊಡು" ಅಂದರೆ ಅದು ನೀವು ಮಾಡದ ಕೆಲಸಗಳನ್ನೂ ಬರೆದುಕೊಡುತ್ತದೆ, "ಡೌನ್‌ಟೈಮ್ 40 ಪರ್ಸೆಂಟ್ ಕಡಿಮೆ ಮಾಡಿದೆ" ಅಂತ ಲೆಕ್ಕವನ್ನೂ ಸೇರಿಸುತ್ತದೆ. ಎಲ್ಲಿಂದ ಬಂತು ಆ 40 ಅಂತ ಕೇಳಿದರೆ ಉತ್ತರ ಇರಬೇಕಲ್ವಾ? ಬಂದದ್ದನ್ನು ಜೋರಾಗಿ ಓದಿ. ನಿಮ್ಮ ಬಾಯಲ್ಲಿ ಬರದ ಪದ ಇದ್ದರೆ ತೆಗೆಯಿರಿ.

ಫಾರ್ಮ್ಯಾಟ್ ಹೇಗಿರಬೇಕು? ಎಟಿಎಸ್ ಅಂದರೆ ಭಯ.

ಭಯ ಬೇಡ. ಎಟಿಎಸ್ ಅಂದರೆ ಕಂಪನಿಗಳು ರೆಸ್ಯೂಮೆ ಓದಿ ಸೋಸಲು ಬಳಸುವ ಸಾಫ್ಟ್‌ವೇರ್ ಅಷ್ಟೇ. ಎರಡು ಕಾಲಂ, ಟೇಬಲ್, ಚಿತ್ರ, ಐಕಾನ್ ಇಲ್ಲದ ಸಾದಾ ಪಿಡಿಎಫ್ ಮಾಡಿ. ಆಮೇಲೆ ಆ ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅಲ್ಲಿ ಸಾಲುಗಳು ಸರಿಯಾದ ಕ್ರಮದಲ್ಲಿ ಬಂದರೆ ಸಾಫ್ಟ್‌ವೇರ್ ಕೂಡ ಹೆಚ್ಚುಕಡಿಮೆ ಸರಿಯಾಗಿಯೇ ಓದುತ್ತದೆ. ಜಾಹೀರಾತಿನಲ್ಲಿ ಇರುವ ಪದವನ್ನೇ ಬಳಸಿ. ಅವರು "ಸ್ವಿಚಿಂಗ್" ಅಂದಿದ್ದರೆ ನೀವೂ ಹಾಗೇ ಬರೆಯಿರಿ, ಆ ಕೆಲಸ ನಿಮಗೆ ಬರುತ್ತಿದ್ದರೆ. ಫೈಲಿಗೆ "ನ್ಯೂ ಫೈನಲ್ 2" ಅಂತ ಹೆಸರಿಡಬೇಡಿ, ನಿಮ್ಮ ಹೆಸರು ಮತ್ತು ಹುದ್ದೆ ಇರಲಿ. ನೌಕ್ರಿಯಲ್ಲಿ ಆಗಾಗ ಲಾಗಿನ್ ಆಗುತ್ತಿರಿ, ಇತ್ತೀಚೆಗೆ ಬಂದವರನ್ನು ಮಾತ್ರ ಹುಡುಕುವ ರಿಕ್ರೂಟರ್‌ಗಳು ಇದ್ದಾರೆ.

ತಂದೆ ಹೆಸರು, ಜಾತಿ, ಪೂರ್ತಿ ವಿಳಾಸ, ಫೋಟೊ?

ಬೆಂಗಳೂರು, ಗೋವಾದ ಖಾಸಗಿ ಕೆಲಸಕ್ಕೆ ಯಾವುದೂ ಬೇಡ. ಊರು, ಜಿಲ್ಲೆ ಸಾಕು. "ಬೆಂಗಳೂರಿಗೆ ಬರಲು ಸಿದ್ಧ, 15 ದಿನದಲ್ಲಿ ಸೇರಬಹುದು" ಅಂತ ಸೇರಿಸಿ, ಇಲ್ಲದಿದ್ದರೆ ಕಾರವಾರ ಅಂತ ನೋಡಿ ದೂರ ಅಂದುಕೊಂಡು ಬಿಟ್ಟುಬಿಡುತ್ತಾರೆ. ಕೊನೆಯಲ್ಲಿ "ಮೇಲಿನದೆಲ್ಲ ಸತ್ಯ" ಅನ್ನುವ ಡಿಕ್ಲರೇಷನ್ ಕೂಡ ಬೇಕಿಲ್ಲ.

ಗಲ್ಫಿಗೆ ಕಳಿಸುವಾಗ ಮಾತ್ರ ಬೇರೆ. ಭಟ್ಕಳ, ಹೊನ್ನಾವರ ಕಡೆಯವರು ಇದನ್ನು ತುಂಬ ಕೇಳುತ್ತಾರೆ. ಅಲ್ಲಿ ಫೋಟೊ, ರಾಷ್ಟ್ರೀಯತೆ, ವೀಸಾ ಸ್ಥಿತಿ, ಡ್ರೈವಿಂಗ್ ಲೈಸೆನ್ಸ್ ಬರೆಯುವುದು ರೂಢಿ. ಪಾಸ್‌ಪೋರ್ಟ್ ನಂಬರ್, ಆಧಾರ್, ಪ್ಯಾನ್ ಎಲ್ಲಿಗೂ ಹಾಕಬೇಡಿ, ಏಜೆಂಟ್ ಕೇಳಿದರೂ ರೆಸ್ಯೂಮೆಯಲ್ಲಿ ಬೇಡ.

ಓದಿದ ಮೇಲೆ ಎರಡು ವರ್ಷ ಮನೆ, ತೋಟ ನೋಡಿಕೊಂಡೆ. ಗ್ಯಾಪ್ ಹೇಗೆ ತೋರಿಸಲಿ?

ಇದ್ದ ಹಾಗೆ. "2022ರಿಂದ 2024, ಕುಟುಂಬದ ಜವಾಬ್ದಾರಿ, ಶಿರಸಿ" ಅಂತ ಒಂದು ಸಾಲು. ಆ ಸಮಯದಲ್ಲಿ ಏನಾದರೂ ಓದಿದ್ದರೆ, ಲ್ಯಾಬ್ ಮಾಡಿದ್ದರೆ ಅದರ ಕೆಳಗೆ ಸೇರಿಸಿ. ಅಪ್ಪನಿಗೆ ಹುಷಾರಿರಲಿಲ್ಲ, ಕೊಯ್ಲು ನಾನೇ ಮಾಡಿಸಿದೆ ಅಂದರೆ ಯಾರೂ ಕೀಳಾಗಿ ನೋಡುವುದಿಲ್ಲ. ತಾರೀಖು ಹಿಗ್ಗಿಸಿ ಗ್ಯಾಪ್ ಮುಚ್ಚಿದರೆ ಮಾತ್ರ ತೊಂದರೆ.

ನಮ್ಮ ಮನೆಯಲ್ಲಿ ಮೊಬೈಲ್ ರೇಂಜ್ ಇಲ್ಲ. ಎಚ್‌ಆರ್ ಕಾಲ್ ತಪ್ಪಿ ಹೋಗುತ್ತಿದೆ.

ಘಟ್ಟದ ಹಳ್ಳಿಗಳವರಿಗೆ ಇದು ದೊಡ್ಡ ತೊಂದರೆ, ಇದರಿಂದ ಒಳ್ಳೆಯ ಅವಕಾಶ ಹೋದವರಿದ್ದಾರೆ. ಮನೆಯಲ್ಲಿ ಫೈಬರ್ ಇದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಫ್ಲೈಟ್ ಮೋಡ್ ಹಾಕಿ ವೈಫೈ ಮಾತ್ರ ಇಟ್ಟು ಗೆಳೆಯರಿಂದ ಒಂದು ಕಾಲ್ ಮಾಡಿಸಿ, ಬರುತ್ತಾ ನೋಡಿ. ಕರೆಂಟ್ ಹೋದರೆ ಓಎನ್‌ಟಿ, ರೂಟರ್ ಎರಡೂ ನಿಲ್ಲುತ್ತವೆ, ಅದಕ್ಕೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಸಿಗುತ್ತದೆ. ರೆಸ್ಯೂಮೆಯಲ್ಲಿ ಇಮೇಲ್ ವಿಳಾಸ ಫೋನ್ ನಂಬರಿನ ಪಕ್ಕದಲ್ಲೇ ಇರಲಿ, ವಾಟ್ಸ್ಯಾಪ್ ನಂಬರ್ ಅಂತಲೂ ಬರೆಯಿರಿ. ವಿಡಿಯೋ ಇಂಟರ್ವ್ಯೂ ಇದ್ದ ದಿನ ಮಳೆಗಾಲವಾದರೆ ಪೇಟೆಯಲ್ಲಿ ನೆಂಟರ ಮನೆಗೋ ಗೆಳೆಯರ ರೂಮಿಗೋ ಹಿಂದಿನ ದಿನವೇ ಹೋಗಿಬಿಡಿ. ಕಾಲ್ ತಪ್ಪಿದ್ದು ಗೊತ್ತಾದರೆ ಅದೇ ದಿನ ಮೇಲ್ ಹಾಕಿ, "ನಾಳೆ 10ರಿಂದ 12ರೊಳಗೆ ಈ ನಂಬರಿಗೆ ಸಿಗುತ್ತೇನೆ" ಅಂತ ಸಮಯ ಬರೆದು, ಆ ಹೊತ್ತಿಗೆ ರೇಂಜ್ ಇರುವ ಕಡೆ ಇರಿ.